ಭಾರ ಇಳಿಸುವ ಕಾಟಲಿಂಗಪ್ಪ

ಹಿರಿಯೂರಿನ ಹೆದ್ದಾರಿ ಪಕ್ಕದ ಲಾರಿ ಸ್ಟ್ಯಾಂಡಿನಲ್ಲಿ ಹಮಾಲಿ ಮಾಡುವವರು ನಲವತ್ತು ಮಂದಿಗೆ ಕಡಿಮೆಯಿರಲಿಲ್ಲ. ಮೂಟೆ ಏರಿಸುವುದಕ್ಕೆ ಅವರಲ್ಲಿ ಯಾರಾದರೂ ನಡೆಯುತ್ತಿತ್ತು. ಆದರೆ ಗ್ರಾನೈಟ್ ಹಲಗೆಯನ್ನೋ, ಗಿರಣಿಯ ಕಲ್ಲನ್ನೋ, ಮಹಡಿ ಮೇಲಿನ ಕಬ್ಬಿಣದ ಬೀರುವನ್ನೋ ಕೆಳಗಿಳಿಸಬೇಕಾದಾಗ ಜನ ಕಾಟಲಿಂಗಪ್ಪನನ್ನು ಹೆಸರು ಹಿಡಿದು ಕೇಳುತ್ತಿದ್ದರು. ಅವನು ಇಳಿಸಿದ ವಸ್ತು ನೆಲ ಮುಟ್ಟಿದ್ದು ಕಿವಿಗೆ ಕೇಳಿಸುತ್ತಿರಲಿಲ್ಲ. ಕಲ್ಲಿನಂಗಡಿಯ ಸಾಹುಕಾರರೊಬ್ಬರು ಒಮ್ಮೆ ನೆಲದ ಮೇಲೆ ಕೋಳಿಮೊಟ್ಟೆ ಇಟ್ಟು, ಅದರ ಮೇಲೆ ಹಲಗೆಯ ಅಂಚು ಮುಟ್ಟಿಸಿ ಒಡೆಯದೆ ನಿಲ್ಲಿಸು ನೋಡೋಣ ಎಂದು ಪಂಥ ಕಟ್ಟಿದ್ದರು. ಅವನು ನಿಲ್ಲಿಸಿದ್ದ.

ಅವನದು ಹಿರಿಯೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿ. ಅಪ್ಪ ಕುರಿ ಕಾಯುತ್ತಿದ್ದ. ಹತ್ತೊಂಬತ್ತರ ವಯಸ್ಸಿಗೆ ಪೇಟೆಗೆ ಬಂದು ಸಿಮೆಂಟ್ ಮೂಟೆಗೆ ಬೆನ್ನು ಕೊಟ್ಟವನಿಗೆ ಈಗ ಐವತ್ತೊಂದು. ಹೆಂಡತಿ ಜುಂಜಮ್ಮ ಸರ್ಕಾರಿ ಶಾಲೆಯೊಂದರಲ್ಲಿ ಬಿಸಿಯೂಟ ಮಾಡುತ್ತಾಳೆ. ಒಬ್ಬಳೇ ಮಗಳು, ಅವಳನ್ನು ಹೊಳಲ್ಕೆರೆ ಕಡೆಗೆ ಕೊಟ್ಟಿದ್ದಾರೆ. ಮನುಷ್ಯ ಗಿಡ್ಡ, ಮಾತು ಕಡಿಮೆ, ತೊಡೆಗಳು ಮಾತ್ರ ದಪ್ಪ. ಭಾರ ಏರಿಸುವಾಗ ಸುಸ್ತಾದರೆ ನಿಂತು ಉಸಿರು ಬಿಡಬಹುದು, ಇಳಿಸುವಾಗ ಹಾಗಲ್ಲ, ಕಾಲು ಮಡಿಯುತ್ತಲೂ ಇರಬೇಕು ಅದೇ ಹೊತ್ತಿಗೆ ತಡೆಯುತ್ತಲೂ ಇರಬೇಕು ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದ. ಅಷ್ಟು ಬಿಟ್ಟರೆ ತನ್ನ ಕೆಲಸದ ಬಗ್ಗೆ ಅವನು ಹೇಳುತ್ತಿದ್ದುದು ಬೇರೇನೂ ಇರಲಿಲ್ಲ.

ಅವನ ಜೋಡಿ ರಂಗಸ್ವಾಮಿ. ಎಂಟು ವರ್ಷ ಚಿಕ್ಕವನು, ಬಾಯಿ ತುಂಬ ಮಾತು. ಇಪ್ಪತ್ತೆರಡು ವರ್ಷದಿಂದ ಇಬ್ಬರೂ ಒಂದೇ ಭಾರದ ಕೆಳಗೆ ನಿಂತವರು. ಕಾಟಲಿಂಗಪ್ಪ ಬಲಕ್ಕೆ, ರಂಗಸ್ವಾಮಿ ಎಡಕ್ಕೆ. ಒಂದು, ಎರಡು ಎಂದು ಎಣಿಸುವ ಪದ್ಧತಿ ಅವರಲ್ಲಿರಲಿಲ್ಲ. ಒಬ್ಬನ ಉಸಿರು ಇನ್ನೊಬ್ಬನಿಗೆ ಗೊತ್ತಾಗುತ್ತಿತ್ತು, ಕಾಲು ತಾನಾಗಿ ಜೊತೆಗೂಡುತ್ತಿತ್ತು. ಮೇಲಿನಿಂದ ಹಗ್ಗ ಹಿಡಿಯುವುದು ಕರಿಯಣ್ಣನ ಕೆಲಸ. ಮೂವತ್ತೈದರ ಆಸುಪಾಸಿನ ಹುಷಾರಾದ ಆಳು. ಕಂಬಕ್ಕೆ ಹಗ್ಗ ಸುತ್ತಿ ಗೇಣು ಗೇಣಾಗಿ ಸಡಿಲಿಸುವುದರಲ್ಲಿ ಅವನ ಕೈ ಎಂದೂ ತಪ್ಪಿರಲಿಲ್ಲ.

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ಸಹನಾ ಎಂಬ ಹುಡುಗಿ ಸ್ಟ್ಯಾಂಡಿಗೆ ಬಂದಳು. ಹೊಳಲ್ಕೆರೆಯ ಮೇಷ್ಟರೊಬ್ಬರ ಮಗಳು. ಚಿತ್ರದುರ್ಗದಲ್ಲಿ ಫಿಸಿಯೋಥೆರಪಿಯ ದೊಡ್ಡ ಓದು ಓದುತ್ತಿದ್ದಳು. ಭಾರ ಇಳಿಸುವಾಗ ತೊಡೆಯ ಮಾಂಸದೊಳಗಿನ ಎಳೆಗಳು ಏನು ಮಾಡುತ್ತವೆ, ಅದಕ್ಕೂ ಮೊಣಕಾಲಿಗೆ ಬರುವ ಬಲಕ್ಕೂ ಏನು ಸಂಬಂಧ ಎಂಬುದು ಅವಳ ಓದಿನ ವಿಷಯವಂತೆ. ಕುಂತು ಕೆಲಸ ಮಾಡುವ ಇಪ್ಪತ್ತು ಜನ ಸಿಕ್ಕಿದ್ದಾರೆ, ಭಾರ ಇಳಿಸುವ ಇಪ್ಪತ್ತು ಜನ ಬೇಕು ಎಂದು ಟೀ ಅಂಗಡಿ ಮುಂದೆ ನಿಂತು ಕೇಳಿದಳು. ಹೆಚ್ಚಿನವರು ಮುಖ ತಿರುಗಿಸಿದರು. ಸೂಜಿ ಇಲ್ಲ, ರಕ್ತ ತೆಗೆಯುವುದಿಲ್ಲ ಎಂದು ಗೊತ್ತಾದ ಮೇಲೆ ರಂಗಸ್ವಾಮಿ ಮೊದಲು ಒಪ್ಪಿದ. ಕಾಟಣ್ಣನ ತೊಡೆಯೊಳಗೆ ಕಬ್ಬಿಣ ಇರುವುದನ್ನು ನಾನೂ ಒಮ್ಮೆ ನೋಡಬೇಕು ಎಂದು ನಗಾಡಿದ. ಮುಂದಿನ ಭಾನುವಾರ ಇಬ್ಬರೂ ಚಿತ್ರದುರ್ಗದ ಬಸ್ಸು ಹತ್ತಿದರು.

ಕಾಲೇಜಿನ ಒಂದು ಕೋಣೆಯಲ್ಲಿ ಪಟ್ಟಿಗಳಿದ್ದ ದೊಡ್ಡ ಕುರ್ಚಿ ಇತ್ತು. ಅದರಲ್ಲಿ ಕೂರಿಸಿ, ಎದೆಗೂ ಸೊಂಟಕ್ಕೂ ಪಟ್ಟಿ ಬಿಗಿದು, ಮುಂಗಾಲಿಗೆ ಯಂತ್ರದ ತೋಳು ಕಟ್ಟಿದರು. ಯಂತ್ರ ಕಾಲನ್ನು ಮೆಲ್ಲಗೆ ಮಡಿಸುತ್ತ ಹೋಗುತ್ತದೆ, ಕಾಲು ಮಡಿಯದಂತೆ ನೀವು ಶಕ್ತಿ ಇದ್ದಷ್ಟೂ ತಡೆಯಬೇಕು ಎಂದಳು ಸಹನಾ. ತೊಡೆಯ ಹೊರಬದಿಗೆ ತಣ್ಣನೆಯ ಅಂಟು ಹಚ್ಚಿ, ಬಸುರಿಯರ ಹೊಟ್ಟೆ ನೋಡುವಂಥದೇ ಒಂದು ಉಪಕರಣ ಇಟ್ಟಳು. ಪರದೆಯ ಮೇಲೆ ಕಾಟಲಿಂಗಪ್ಪನಿಗೆ ತನ್ನ ಮಾಂಸ ಕಾಣಿಸಿತು. ಓರೆಯಾಗಿ ಸಾಲು ಹೊಡೆದ ಹೊಲದಂತೆ ಬಿಳಿ ಗೆರೆಗಳು. ಮೂವತ್ತು ವರ್ಷದಿಂದ ಅದರ ಮೇಲೆ ನಿಂತು ಉಂಡಿದ್ದ, ಅದು ಹೀಗಿರುತ್ತದೆ ಎಂದು ಗೊತ್ತಿರಲಿಲ್ಲ.

ಮೊದಲು ಎಡಗಾಲು. ಯಂತ್ರ ಮಡಿಸತೊಡಗಿತು, ಅವನು ತಡೆದ. ಮೊಣಕಾಲು ಮಡಿಯುತ್ತಿದ್ದರೂ ಪರದೆಯ ಗೆರೆಗಳು ಸ್ವಲ್ಪ ಹೊತ್ತು ಅಲುಗಾಡಲಿಲ್ಲ. ಆಮೇಲೆ ನಿಧಾನವಾಗಿ ಉದ್ದವಾದವು. ಸಹನಾ ಅದನ್ನು ವಿವರಿಸಿದಳು. ಮಾಂಸವನ್ನು ಮೂಳೆಗೆ ಕಟ್ಟಿರುವ ಹುರಿಯೊಂದು ಇರುತ್ತದೆ, ಕಾಲು ಮಡಿಯತೊಡಗಿದಾಗ ಮೊದಲು ಆ ಹುರಿ ಹಿಗ್ಗುತ್ತದೆ, ಎಳೆ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ, ಹಾಗಾಗಿಯೇ ಮನುಷ್ಯ ಎತ್ತಲಾರದ ಭಾರವನ್ನೂ ಇಳಿಸಬಲ್ಲ ಎಂದಳು. ಇದುವರೆಗೆ ಬಂದವರಲ್ಲಿ ಇಷ್ಟು ಬಲ ಯಾರಿಗೂ ಬಂದಿಲ್ಲ ಎಂದೂ ಹೇಳಿದಳು. ರಂಗಸ್ವಾಮಿ ಅದನ್ನು ಕೇಳಿಸಿಕೊಂಡು, ತನ್ನ ಸರದಿಯೂ ಮುಗಿದಿದ್ದರಿಂದ, ಟೀ ಕುಡಿದು ಬರುತ್ತೇನೆಂದು ಹೊರಗೆ ಹೋದ.

ಆಮೇಲೆ ಬಲಗಾಲು. ಸಹನಾ ಒಮ್ಮೆ ನೋಡಿದಳು, ಎರಡನೇ ಸಲ ಮಾಡಿಸಿದಳು, ಮೂರನೇ ಸಲವೂ ಮಾಡಿಸಿದಳು. ಉಪಕರಣವನ್ನು ಮೊಣಕಾಲ ಚಿಪ್ಪಿನ ಮೇಲ್ಗಡೆಗೆ ತಂದು ಬಹಳ ಹೊತ್ತು ಒತ್ತಿ ಹಿಡಿದಳು.

“ಅಣ್ಣ, ಈ ಕಾಲು ಯಾವಾಗಿಂದ ನೋಯ್ತಾ ಐತೆ?”

“ನೋವೇನಿಲ್ಲ ತಾಯಿ. ಬೆಳಿಗ್ಗೆ ಎದ್ದಾಗ ಒಂದೀಟು ಬಿಗಿ ಇರ್ತೈತೆ, ಅಷ್ಟೆ.”

ಅದು ಸುಳ್ಳು. ಮಳೆಗಾಲದಿಂದಲೇ ಮೆಟ್ಟಿಲು ಇಳಿಯುವಾಗ ಚಿಪ್ಪಿನ ಮೇಲೆ ಕಾದ ಕಬ್ಬಿಣ ಇಟ್ಟಂತಾಗುತ್ತಿತ್ತು. ಸಹನಾ ಪರದೆಯನ್ನು ಅವನ ಕಡೆಗೆ ತಿರುಗಿಸಿದಳು. ಇಲ್ಲಿ ಎಳೆಗಳು ಒಂದೇ ಹದದಲ್ಲಿ ಉದ್ದವಾಗುತ್ತಿರಲಿಲ್ಲ. ಹಿಡಿಯುತ್ತಿದ್ದವು, ತಟ್ಟನೆ ಬಿಡುತ್ತಿದ್ದವು, ಮತ್ತೆ ಹಿಡಿಯುತ್ತಿದ್ದವು.

“ಮೊಣಕಾಲಿನ ಒಟ್ಟು ಬಲ ನೋಡಿದ್ರೆ ಎರಡು ಕಾಲಿಗೂ ಅಂಥಾ ಫರಕಿಲ್ಲ,” ಎಂದಳು. “ಒಳಗೆ ನೋಡಿದ್ರೇ ಗೊತ್ತಾಗೋದು. ನೋವಿಗೆ ಮಾಂಸ ಆಗಾಗ ಕೈ ಬಿಡ್ತಾ ಐತೆ. ಹುರಿ ಊದಿಕೊಂಡು ಮಧ್ಯದಾಗೆ ಕಪ್ಪಾಗೈತೆ ನೋಡ್ರಿ. ಮೂಳೆ ಡಾಕ್ಟ್ರಿಗೆ ಚೀಟಿ ಬರ್ಕೊಡ್ತೀನಿ. ಅವ್ರು ಹೇಳೋವರೆಗೂ ದೊಡ್ಡ ಭಾರ ಇಳಿಸೋಕೆ ಹೋಗ್ಬ್ಯಾಡ್ರಿ. ಏರಿಸೋದು ಬೇಕಾದ್ರೆ ಮಾಡ್ರಿ, ಇಳಿಸೋದು ಬ್ಯಾಡ.”

ಅವನು ಚೀಟಿ ತೆಗೆದುಕೊಂಡು ಅಂಗಿಯ ಜೇಬಿಗೆ ಇಟ್ಟ. ಹೊರಗೆ ರಂಗಸ್ವಾಮಿ ಬಲಗಾಲಿಗೆ ಏನೆಂದರು ಎಂದು ಕೇಳಿದ. ಎರಡೂ ಒಂದೇ ಎಂದರು ಎಂದ ಕಾಟಲಿಂಗಪ್ಪ. ಬಸ್ಸಿನಲ್ಲಿ ರಂಗಸ್ವಾಮಿ ದಾರಿಯುದ್ದಕ್ಕೂ ಅವನ ಎಡಗಾಲಿನ ಬಲವನ್ನೇ ಕೊಂಡಾಡಿದ. ಮರುದಿನ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದ. ಚೀಟಿ ಜೇಬಿನಲ್ಲೇ ಒಗೆತಕ್ಕೆ ಹೋಗಿ ಮುದ್ದೆಯಾಯಿತು.

ಯಾಕೆ ಹೋಗಲಿಲ್ಲ ಎಂದು ಆಮೇಲೆ ಅವನು ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದಾನೆ. ಕೆಲಸ ತಪ್ಪುತ್ತದೆಂಬ ಭಯವಲ್ಲ, ಜುಂಜಮ್ಮನ ದುಡಿಮೆ ಇತ್ತು, ಮೂಟೆ ಏರಿಸುವ ಕೆಲಸವೂ ಇತ್ತು. ಕಾರಣ ಇಷ್ಟೇ. ಇಳಿಸುವುದು ಅವನಿಗೆ ಬರುತ್ತಿದ್ದ ಒಂದೇ ವಿದ್ಯೆ. ಕಾಟಲಿಂಗಪ್ಪನ ಕಾಲು ಹೋಯಿತಂತೆ ಎಂಬ ಮಾತು ಸ್ಟ್ಯಾಂಡಿನಲ್ಲಿ ಹುಟ್ಟುವುದನ್ನು ಅವನು ಸಹಿಸಲಾರದೆ ಹೋದ.

ಮೂರು ವಾರದ ಮೇಲೆ ಹೊಸದುರ್ಗದಿಂದ ಕರೆ ಬಂತು. ಕೊಬ್ಬರಿ ವ್ಯಾಪಾರಿಯೊಬ್ಬರು ಹಳೆಯ ಮಳಿಗೆ ಖಾಲಿ ಮಾಡುತ್ತಿದ್ದರು. ಮಹಡಿಯಲ್ಲಿ ಅವರ ತಾತನ ಕಾಲದ ಕಬ್ಬಿಣದ ತಿಜೋರಿ ಇತ್ತು, ಮೂರೂವರೆ ಕ್ವಿಂಟಲಿಗೆ ಕಡಿಮೆಯಿಲ್ಲ. ಕಲ್ಲಿನ ಮೆಟ್ಟಿಲು ಹದಿನಾರು. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಬಯಲು, ಹಿಡಿಯಲು ಸರಳಿಲ್ಲ. ಮೆಟ್ಟಿಲು ನೋಡಿದ ಕೂಡಲೇ ಕಾಟಲಿಂಗಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ತಿಜೋರಿಗೆ ಮುಖಮಾಡಿ ಹಿಮ್ಮುಖವಾಗಿ ಇಳಿಯುವಾಗ ಮೇಲಿನ ಮೆಟ್ಟಿಲಲ್ಲಿ ಉಳಿಯುವ ಕಾಲೇ ಭಾರ ತಡೆಯಬೇಕು. ಅವರಿಬ್ಬರೂ ಯಾವಾಗಲೂ ಎಡಗಾಲು ಮೊದಲು ಇಳಿಸುತ್ತಿದ್ದರು, ತಡೆಯುತ್ತಿದ್ದುದು ಬಲಗಾಲು. ಇವತ್ತು ಬಲಗಾಲನ್ನೇ ಮೊದಲು ಇಳಿಸಿದರೆ ಎಡಗಾಲಿನ ಬಲದಲ್ಲಿ ಕೆಲಸ ಮುಗಿದುಹೋಗುತ್ತದೆ ಎಂದುಕೊಂಡ.

ಕರಿಯಣ್ಣ ಮೇಲೆ ಕಲ್ಲುಕಂಬಕ್ಕೆ ಹಗ್ಗ ಎರಡು ಸುತ್ತು ಸುತ್ತಿ ನಿಂತ. ಕೆಳಗಡೆ ಗೋಡೆಯ ಪಕ್ಕಕ್ಕೆ ರಂಗಸ್ವಾಮಿ, ಬಯಲಿನ ಪಕ್ಕಕ್ಕೆ ಕಾಟಲಿಂಗಪ್ಪ. ಮೊದಲ ಮೆಟ್ಟಿಲಿಗೇ ರಂಗಸ್ವಾಮಿಗೆ ಹೆಜ್ಜೆ ತಪ್ಪಿದಂತಾಯಿತು.

“ಏನ್ ಕಾಟಣ್ಣ, ಇವತ್ತು ಕಾಲು ಬದ್ಲಾಗೈತಲ್ಲ,” ಎಂದ.

“ಸುಮ್ನೆ ಇಳಿ.”

 ಇಪ್ಪತ್ತೆರಡು ವರ್ಷದ ರೂಢಿ ಬಿಟ್ಟು, ಅವನಿಗೆ ಸರಿಯಾಗಿ ರಂಗಸ್ವಾಮಿಯೂ ಕಾಲು ಬದಲಿಸಿಕೊಂಡ. ಹತ್ತು ಮೆಟ್ಟಿಲು ಚೆನ್ನಾಗಿಯೇ ಇಳಿದರು. ಹನ್ನೊಂದನೆಯದರ ಅಂಚು ಒಡೆದಿತ್ತು. ಅಲ್ಲಿ ನಿಂತು, ಸರಿದು, ಮತ್ತೆ ಶುರುಮಾಡುವಾಗ ಇಬ್ಬರ ಕಾಲೂ ಹಳೆಯ ಅಭ್ಯಾಸಕ್ಕೆ ಬಿದ್ದವು. ಎಡಗಾಲು ಕೆಳಗೆ ಹೋಯಿತು. ಭಾರವೆಲ್ಲ ಬಲಗಾಲ ಮೇಲೆ ಬಂತು. ಕಾಟಲಿಂಗಪ್ಪನಿಗೆ ಅದು ಗೊತ್ತಾದಾಗ ಮೊಣಕಾಲು ಅರ್ಧ ಮಡಿದಿತ್ತು.

ಒದ್ದೆ ಗೋಣಿ ಹರಿದಂಥ ಸದ್ದೊಂದು ಅವನ ಮೈಯೊಳಗೇ ಕೇಳಿಸಿತು. ನೋವು ಆಮೇಲೆ ಬಂತು. ಮೊದಲು ಕಾಲೇ ಇಲ್ಲದಂತಾಯಿತು. ಅವನು ಬಯಲಿನ ಕಡೆಗೆ ಉರುಳಿ ಮಳಿಗೆಯ ನೆಲಕ್ಕೆ ಬಿದ್ದ. ಬೀಳುವಾಗಲೇ ಮೇಲೆ ಹಗ್ಗ ಕಂಬಕ್ಕೆ ಉಜ್ಜಿ ಕಿರುಗುಟ್ಟುವುದು ಕೇಳಿಸಿತು. ಒಂದು ಬದಿಯ ಆಸರೆ ತಪ್ಪಿದ ತಿಜೋರಿ ಗೋಡೆಯ ಕಡೆ ತಿರುಗಿ ಒಂದು ಮೊಳದಷ್ಟು ಜಾರಿ ನಿಂತಿತು. ಕರಿಯಣ್ಣ ಅಂಗೈ ಚರ್ಮ ಸುಲಿದರೂ ಬಿಡದೆ ಅದನ್ನು ಅಲ್ಲಿಗೆ ನಿಲ್ಲಿಸಿದ್ದ. ಆದರೆ ಆ ಒಂದು ಮೊಳದೊಳಗೆ, ಗೋಡೆಗೂ ತಿಜೋರಿಯ ಮೂಲೆಗೂ ನಡುವೆ, ರಂಗಸ್ವಾಮಿ ಸಿಕ್ಕಿಕೊಂಡಿದ್ದ.

ಅವನು ಕೂಗಲಿಲ್ಲ. ಕೆಲಸದ ನಡುವೆ ಹೇಳುವ ದನಿಯಲ್ಲೇ, “ಕಾಟಣ್ಣ, ಒಂಚೂರು ಈ ಕಡೆ ತಳ್ಳು,” ಎಂದ.

ಕಾಟಲಿಂಗಪ್ಪ ಏಳಲು ನೋಡಿದ. ತೊಡೆ ಬಿಗಿಯುತ್ತಿತ್ತು, ಮೊಣಕಾಲು ಮಾತ್ರ ನೆಟ್ಟಗಾಗುತ್ತಿರಲಿಲ್ಲ. ಕೈಯೂರಿ ತೆವಳಿಕೊಂಡು ಕೆಳಗಿನ ಮೆಟ್ಟಿಲ ತನಕ ಹೋದ. ಮುಂದಕ್ಕೆ ಹೋಗಲಾಗಲಿಲ್ಲ. ಬೀದಿಯ ಜನ ಒಳನುಗ್ಗಿ ತಿಜೋರಿ ಸರಿಸುವವರೆಗೆ ಅಲ್ಲಿಂದಲೇ ರಂಗಸ್ವಾಮಿಯ ಮುಖ ನೋಡುತ್ತಿದ್ದ. ರಂಗಸ್ವಾಮಿಯೂ ಅವನನ್ನೇ ನೋಡುತ್ತಿದ್ದ.

ರಂಗಸ್ವಾಮಿಯನ್ನು ದಾವಣಗೆರೆಗೆ ಕರೆದೊಯ್ದರು, ಕಾಟಲಿಂಗಪ್ಪನನ್ನು ಚಿತ್ರದುರ್ಗಕ್ಕೆ. ಚಿಪ್ಪಿನ ಮೇಲಿನ ಹುರಿ ಪೂರಾ ಕಿತ್ತು ಬಂದಿದೆ ಎಂದು ಡಾಕ್ಟರು ಮರುದಿನವೇ ಆಪರೇಷನ್ ಮಾಡಿ ಹೊಲಿದರು. ಅದರ ಮಾರನೆಯ ದಿನ ಜುಂಜಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಮಂಚದ ಹತ್ತಿರ ಬಂದಳು. ಅವಳು ಹೇಳುವ ಮೊದಲೇ ಅವನಿಗೆ ತಿಳಿಯಿತು. ರಂಗಸ್ವಾಮಿಯ ಮಣ್ಣಿಗೆ ಹೋಗಲೂ ಅವನಿಂದಾಗಲಿಲ್ಲ.

ಅದೇ ದಿನ ಸಂಜೆ ಸ್ಟ್ಯಾಂಡಿನ ನಾಲ್ಕೈದು ಜನ ಬಂದರು. ಮಳಿಗೆಯವರೆಲ್ಲ ಹಗ್ಗ ಜಾರಿದ್ದನ್ನು ನೋಡಿದ್ದಾರೆ, ಕರಿಯಣ್ಣನ ಕೈಯಲ್ಲೂ ಗುರುತಿದೆ, ಹಗ್ಗ ಸಡಿಲವಾಗಿದ್ದಕ್ಕೇ ಹೀಗಾಯಿತಲ್ಲವೇ ಎಂದು ಕೇಳಿದರು. ಕಾಟಲಿಂಗಪ್ಪ ಸೂರು ನೋಡುತ್ತ ಮಲಗಿದ್ದ. ಸದ್ದು ಮೊದಲು ಕೇಳಿಸಿದ್ದು ತನ್ನ ಮೊಣಕಾಲಿನಿಂದ, ಹಗ್ಗ ಆಮೇಲೆ ಜಾರಿದ್ದು. ಅದು ಅವನಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು.

“ಹಗ್ಗ ಸಡ್ಲ ಆತು ಅನ್ಸುತ್ತೆ,” ಎಂದ.

ಪೊಲೀಸರು ಬಂದು ಬರೆದುಕೊಂಡಾಗಲೂ ಅದನ್ನೇ ಹೇಳಿದ. ಆಕಸ್ಮಿಕ ಎಂದು ಅವರು ಮುಗಿಸಿದರು. ಸ್ಟ್ಯಾಂಡಿನಲ್ಲಿ ಅದು ಮುಗಿಯಲಿಲ್ಲ. ಕರಿಯಣ್ಣನನ್ನು ಯಾರೂ ಬೈಯಲಿಲ್ಲ, ಕೆಲಸಕ್ಕೆ ಕರೆಯುವುದನ್ನು ಬಿಟ್ಟರು. ಹಗ್ಗದ ಕೆಲಸಕ್ಕೆ ಬೇರೆಯವನನ್ನು ನಿಲ್ಲಿಸಿಕೊಂಡರು. ಕರಿಯಣ್ಣ ಒಮ್ಮೆ ಆಸ್ಪತ್ರೆಗೆ ಬಂದಿದ್ದ. ಎರಡೂ ಕೈಗೆ ಬಟ್ಟೆ ಸುತ್ತಿತ್ತು. ಬಾಗಿಲಲ್ಲೇ ನಿಂತು, ನಾನು ಬಿಡಲಿಲ್ಲ ಕಾಟಣ್ಣ, ಬಿಟ್ಟ ನೆನಪೇ ಇಲ್ಲ, ಆದರೂ ಜಾರಿತಲ್ಲ ಎಂದ. ಕಾಟಲಿಂಗಪ್ಪ ಕಣ್ಣು ಮುಚ್ಚಿಕೊಂಡ. ನಿದ್ದೆ ಬಂದಿದೆ ಎಂದುಕೊಂಡು ಕರಿಯಣ್ಣ ಹೋದ. ತಿಂಗಳು ತುಂಬುವುದರೊಳಗೆ ಅವನು ಹಿರಿಯೂರು ಬಿಟ್ಟ ಸುದ್ದಿ ಬಂತು.

ಎರಡು ತಿಂಗಳ ಮೇಲೆ ಕಾಲಿನ ಕಟ್ಟು ಬಿಚ್ಚಿದರು. ತೊಡೆ ಕರಗಿ ಹುಣಸೆ ಕೊಂಬೆಯಂತಾಗಿತ್ತು. ವಾರಕ್ಕೆ ಎರಡು ಸಲ ವ್ಯಾಯಾಮಕ್ಕೆ ಬರಬೇಕೆಂದರು. ಅಲ್ಲಿ ಸಿಕ್ಕಿದವಳು ಸಹನಾ. ಅವಳು ಅವನ ಹೆಸರು ಓದಿ, ಕಾಲು ನೋಡಿ, ಆಪರೇಷನ್ನಿನ ತಾರೀಖು ನೋಡಿದಳು.

“ಚೀಟಿ ತಗಂಡು ಡಾಕ್ಟ್ರ ಹತ್ರ ಹೋಗಿದ್ರಾ ಅಣ್ಣ?”

“ಇಲ್ಲ.”

 ಅವಳು ಕಿಟಕಿ ಕಡೆ ತಿರುಗಿದಳು. ಫೋನ್ ನಂಬರ್ ಬರೆದುಕೊಂಡಿದ್ದೆ, ಒಂದು ಸಲ ಫೋನು ಮಾಡಿ ಕೇಳಬಹುದಿತ್ತು ಎಂದು ಮೆಲ್ಲಗೆ ಹೇಳಿದಳು.  ಅವನು, ಹಗ್ಗ ಸಡಿಲವಾಗದಿದ್ದರೂ ನನ್ನ ಕಾಲು ಹೋಗುತ್ತಿತ್ತೇ ಎಂದು ಕೇಳಿದ. ಖಂಡಿತ ಹೇಳಲಾಗದು, ಆದರೆ ಅಂಥ ಹುರಿಗೆ ಆ ಭಾರವೇ ಸಾಕಿತ್ತು, ಬೇರೆ ಕಾರಣ ಬೇಕಾಗಿರಲಿಲ್ಲ ಎಂದಳು. ಅವನು ತಲೆಯಾಡಿಸಿದ. ಗೊತ್ತಿದ್ದದ್ದನ್ನೇ ಕೇಳಿದ್ದ.

ಮುಂದಿನ ಸೋಮವಾರ ಕೋಲು ಊರಿಕೊಂಡು ರಂಗಸ್ವಾಮಿಯ ಮನೆಗೆ ಹೋದ. ರಂಗಸ್ವಾಮಿಯ ಹೆಂಡತಿ ಕೊಟ್ರಮ್ಮ ಜಗಲಿಯಲ್ಲಿ ಕುಂತು ಅವರೆಕಾಯಿ ಸುಲಿಯುತ್ತಿದ್ದಳು. ಚಾಪೆ ಹಾಕಲು ಎದ್ದವಳನ್ನು ತಡೆದು, ನಿಂತೇ ಎಲ್ಲ ಹೇಳಿದ. ಪರದೆಯಲ್ಲಿ ಕಂಡದ್ದು, ಚೀಟಿ, ರಂಗಸ್ವಾಮಿಗೆ ಹೇಳಿದ ಸುಳ್ಳು, ಮೆಟ್ಟಿಲ ಮೇಲೆ ಕಾಲು ಬದಲಿಸಿದ್ದು, ಒಂದನ್ನೂ ಬಿಡಲಿಲ್ಲ. ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು. ಬೈಯಬಹುದು, ಹೊಡೆಯಬಹುದು ಎಂದು ಅವನು ಸಿದ್ಧವಾಗಿ ಬಂದಿದ್ದ.

“ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲಣ್ಣ,” ಎಂದಳು ಕೊನೆಗೆ. “ಅವ್ರೇನು ನಿನ್ನ ಬಿಟ್ಟು ಬ್ಯಾರೆಯವ್ರ ಜೊತೆ ಹೋಗ್ತಿದ್ರಾ? ನಿನ್ನ ಪಾಲಿಂದೂ ತಾವೇ ಹೊರ್ತಿದ್ರು.”

ಅಷ್ಟೇ ಹೇಳಿ ಮೊರ ಎತ್ತಿಕೊಂಡು ಒಳಗೆ ಹೋದಳು. ಅವನು ಅರ್ಧ ಗಂಟೆ ನಿಂತಿದ್ದ. ಅವಳು ಮತ್ತೆ ಹೊರಗೆ ಬರಲಿಲ್ಲ. ಒಳಗಿನಿಂದ ಅಳುವ ಸದ್ದೂ ಇಲ್ಲ, ಪಾತ್ರೆಯ ಸದ್ದೂ ಇಲ್ಲ.

ಮನೆಗೆ ಬಂದು ಜುಂಜಮ್ಮನಿಗೂ ಹೇಳಿದ. ಅವಳು ಗಾಬರಿಯಿಂದ, ಇದನ್ನೆಲ್ಲ ಇನ್ನು ಯಾರಿಗೂ ಹೇಳಬೇಡ, ಹೋದವನು ವಾಪಸು ಬರುತ್ತಾನಾ ಎಂದಳು. ಅವನು ಕೇಳಲಿಲ್ಲ. ಲಾರಿ ಸ್ಟ್ಯಾಂಡಿಗೆ ಹೋಗಿ, ಟೀ ಅಂಗಡಿಯ ಬೆಂಚಿನ ಮೇಲೆ ಕುಂತು, ಅಲ್ಲಿದ್ದವರಿಗೆಲ್ಲ ಹೇಳಿದ. ತಪ್ಪು ತನ್ನದು, ಕರಿಯಣ್ಣನದಲ್ಲ, ಅವನು ಹಗ್ಗ ಹಿಡಿಯದೇ ಹೋಗಿದ್ದರೆ ತಿಜೋರಿ ನೆಲದವರೆಗೂ ಬಂದು ತಾನೂ ಸಾಯುತ್ತಿದ್ದೆ ಎಂದ.  ಹಿರಿಯ ಹಮಾಲಿಯೊಬ್ಬ ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟ.

“ನಿಂದು ದೊಡ್ಡ ಮನಸ್ಸು ಕಾಟಣ್ಣ,” ಎಂದ. “ಯಾರೋ ಮಾಡಿದ್ದನ್ನ ನಿನ್ನ ತಲೆ ಮ್ಯಾಲೆ ಯಾಕೆ ಹಾಕ್ಕಂತೀಯ? ಹಗ್ಗ ಜಾರಿದ್ದು ಊರಿಗೆಲ್ಲ ಗೊತ್ತೈತೆ.”

ಕಾಟಲಿಂಗಪ್ಪ ಮತ್ತೆ ಮೊದಲಿಂದ ಹೇಳಿದ. ಮಾಂಸದ ಎಳೆ, ಹುರಿ, ಒಳಗೆ ಕಪ್ಪಾದದ್ದು ಎಂದು ವಿವರಿಸಲು ಹೋದ. ಸಹನಾ ಹೇಳಿದಷ್ಟು ಸಲೀಸಾಗಿ ಅವನಿಗೆ ಹೇಳಲು ಬರಲಿಲ್ಲ. ರಂಗಸ್ವಾಮಿಯೇ ಕಾಟಣ್ಣನ ಕಾಲಿನ ಬಲವನ್ನು ಕೊಂಡಾಡಿದ್ದ, ಯಂತ್ರವೇ ಹೇಳಿದೆ ಎಂದಿದ್ದ, ಎಂದು ಒಬ್ಬ ನೆನಪಿಸಿದ. ಉಳಿದವರು ಹೌದು ಹೌದು ಎಂದರು. ಗೆಳೆಯ ಹೋದ ದುಃಖಕ್ಕೆ ಕಾಟಣ್ಣ ಹೀಗಾಗಿದ್ದಾನೆ ಎಂದು ಅವರು ಆಡಿಕೊಂಡದ್ದು ಅವನ ಕಿವಿಗೂ ಬಿತ್ತು. ಅವನ ಸುಳ್ಳನ್ನು ಆಸ್ಪತ್ರೆಯಲ್ಲಿ ಒಂದೇ ಮಾತಿಗೆ ನಂಬಿದ್ದರು. ನಿಜ ಹೇಳುತ್ತಿರುವಾಗ ಅವನನ್ನು ಒಳ್ಳೆಯವನನ್ನಾಗಿ ಮಾಡಿ ಕಳಿಸಿದರು.

ಇನ್ನು ಉಳಿದವನು ಕರಿಯಣ್ಣ. ಅವನ ಫೋನು ಬಂದ್ ಆಗಿತ್ತು. ಆಂಧ್ರದ ಗಡಿ ಕಡೆಯ ಹಳ್ಳಿಯಲ್ಲಿ ಅವನ ತಾಯಿ ಬೊಮ್ಮಕ್ಕ ಇದ್ದಾಳೆಂದು ತಿಳಿದು, ಮಾಘ ಮಾಸದ ಒಂದು ಬೆಳಿಗ್ಗೆ ಅಲ್ಲಿಗೆ ಹೋಗುವ ಬಸ್ಸು ಹತ್ತಿದ. ಹತ್ತುವುದು ಕಷ್ಟವಾಗಲಿಲ್ಲ, ಎಡಗಾಲಿನಿಂದ ಒದ್ದು ಏರಿದ. ಜುಂಜಮ್ಮ ಜೊತೆಗೆ ಬರುತ್ತೇನೆಂದರೂ ಬೇಡವೆಂದಿದ್ದ.

ಬೊಮ್ಮಕ್ಕ ಎಪ್ಪತ್ತು ದಾಟಿದ ಹೆಂಗಸು. ಮನೆ ಮುಂದೆ ಹೊಂಗೆಮರದ ಕೆಳಗೆ ಅವನನ್ನು ಕೂರಿಸಿ ನೀರು ಕೊಟ್ಟಳು. ಮಗ ಇಲ್ಲಿ ಇಪ್ಪತ್ತು ದಿನ ಇದ್ದ, ಆಮೇಲೆ ಅನಂತಪುರದ ಕಡೆ ಕಲ್ಲು ಕ್ವಾರಿಗೆ ಹೋಗುತ್ತೇನೆಂದು ಹೋದ, ಯಾವ ಕ್ವಾರಿಯೋ ಗೊತ್ತಿಲ್ಲ, ಸುದ್ದಿಯೂ ಇಲ್ಲ ಎಂದಳು. ಇಲ್ಲಿದ್ದಷ್ಟು ದಿನವೂ ಎರಡು ಅಂಗೈಯನ್ನೂ ಬಿಚ್ಚಿ ನೋಡಿಕೊಳ್ಳುತ್ತ ಕುಂತಿರುತ್ತಿದ್ದನಂತೆ. ನನ್ನ ಕೈಯಲ್ಲೇ ಹಿಂಗಾಯಿತಲ್ಲವ್ವ ಎನ್ನುತ್ತಿದ್ದನಂತೆ. ಉಣ್ಣಲು ಕರೆದರೆ ಆ ಕೈಯಲ್ಲಿ ತುತ್ತು ಎತ್ತುತ್ತಿರಲಿಲ್ಲವಂತೆ.

ಕಾಟಲಿಂಗಪ್ಪ ತಾನು ಬಂದ ಕಾರಣ ಹೇಳಿದ. ಆಗಲೇ ಇಷ್ಟು ಸಲ ಹೇಳಿದ್ದರಿಂದ ಮಾತು ಈಗ ತಡವರಿಸಲಿಲ್ಲ. ಅವಳು ಅದನ್ನು ಸಂಶಯವಿಲ್ಲದೆ ನಂಬಿದಳು. ಬಹಳ ಹೊತ್ತು ಅವನ ಬಲಗಾಲನ್ನೇ ನೋಡುತ್ತಿದ್ದಳು.

“ನನ್ನ ಮಗ ಆಸ್ಪತ್ರೆಗೆ ಬಂದಿದ್ನಂತಲ್ಲ,” ಎಂದಳು. “ಆವಾಗ ಹೇಳಿದ್ರೆ ಮನೇಲಿರ್ತಿದ್ದ. ಇದನ್ನ ಹೇಳಾಕೆ ಮೂರು ತಿಂಗ್ಳು ತಗಂಡೆ ನೀನು.”

ಅವನು ಹೌದೆಂದ.  ಮಗ ಫೋನು ಮಾಡಿದರೆ ಈ ಮಾತು ಮುಟ್ಟಿಸು ಅವ್ವ ಎಂದು ತನ್ನ ನಂಬರನ್ನು ಗೋಡೆಯ ಮೇಲೆ ಇದ್ದಿಲಿನಿಂದ ಬರೆದು ಹೊರಟ. ಊಟ ಮಾಡು ಎಂದು ಅವಳು ಹೇಳಲಿಲ್ಲ. ಹೇಳದಿದ್ದುದೇ ಸರಿ ಎನಿಸಿತು ಅವನಿಗೆ.

ಆಗಿನಿಂದ ಐದು ತಿಂಗಳಾಗಿದೆ. ಬೊಮ್ಮಕ್ಕನ ಕಡೆಯಿಂದ ಫೋನು ಬಂದಿಲ್ಲ. ಕೊಟ್ರಮ್ಮ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳು, ಹೋಗುವ ದಿನ ಜುಂಜಮ್ಮನಿಗೆ ಹೇಳಿ ಹೋದಳು, ಅವನಿಗೆ ಹೇಳಲಿಲ್ಲ. ಸಹನಾಳ ಓದು ಮುಗಿದು ಬೇರೆ ಊರಿನಲ್ಲಿ ಕೆಲಸ ಸಿಕ್ಕಿದೆ. ಕೊನೆಯ ದಿನ ಅವಳು ಮತ್ತೊಮ್ಮೆ ಉಪಕರಣ ಇಟ್ಟು ನೋಡಿದಳು. ಹುರಿ ಕೂಡಿಕೊಂಡಿದೆ, ಆದರೆ ಎಳೆಗಳು ಗಿಡ್ಡವಾಗಿಬಿಟ್ಟಿವೆ, ಭಾರ ಬಂದಾಗ ಹಿಗ್ಗಿ ತಡೆಯುವುದು ಅವಕ್ಕೆ ಮರೆತಂತಿದೆ ಎಂದಳು. ವ್ಯಾಯಾಮ ಬಿಡಬೇಡಿ ಎಂದೂ ಹೇಳಿದಳು. 

ವ್ಯಾಯಾಮ ಎಂದರೆ ಇಷ್ಟೇ. ಕುರ್ಚಿಯ ಮುಂದೆ ನಿಂತು, ಕೈ ಊರದೆ, ಹತ್ತು ಎಣಿಸುವಷ್ಟು ನಿಧಾನವಾಗಿ ಕೂರಬೇಕು. ಜುಂಜಮ್ಮ ಶಾಲೆಗೆ ಹೋದ ಮೇಲೆ ಅವನು ಬಾಗಿಲು ಮುಂದೆ ಮಾಡಿಕೊಂಡು ಅದನ್ನು ಮಾಡುತ್ತಾನೆ. ಅರ್ಧದವರೆಗೆ ಇಳಿಯುತ್ತಾನೆ. ನಾಲ್ಕು ಎಣಿಸುವುದರೊಳಗೆ ಬಲತೊಡೆ ಕೈಬಿಡುತ್ತದೆ, ದೊಪ್ಪನೆ ಕುರ್ಚಿಗೆ ಬೀಳುತ್ತಾನೆ. ಆ ಸದ್ದು ಪಕ್ಕದ ಮನೆಯವರಿಗೂ ಕೇಳಿಸುತ್ತದೆ. ಏನಾಯಿತು ಎಂದು ಮೊದಮೊದಲು ಬಂದು ಕೇಳುತ್ತಿದ್ದರು, ಈಗ ಕೇಳುವುದಿಲ್ಲ. ಅವನು ಕೈಯೂರಿ ಎದ್ದು ನಿಂತು ಮತ್ತೆ ಒಂದರಿಂದ ಎಣಿಸುತ್ತಾನೆ.